ಚಳಿಗಾಲದ ಬಯಲಿನಲ್ಲಿ ಚಿಕ್ಕ ಮಕ್ಕಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಆರು ವರ್ಷದೊಳಗಿನ ಮಕ್ಕಳನ್ನು ಚಳಿಗಾಲದಲ್ಲಿ ಹೊಲ, ಕೆರೆ, ಬಯಲುಗಳಿಗೆ ಕರೆದೊಯ್ಯುವ ಕುರಿತು ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ದೀಪಾವಳಿ ಕಳೆಯಿತೆಂದರೆ ನಮ್ಮ ಅತ್ತೆಯವರು ಅವನನ್ನು ಅಂಗಳಕ್ಕೂ ಬಿಡುವುದಿಲ್ಲ. ಥಂಡಿ ಗಾಳಿ ಬಡಿದರೆ ನೆಗಡಿ, ಕೆಮ್ಮು ಹತ್ತುತ್ತದೆ ಎನ್ನುತ್ತಾರೆ. ಮಗು ಕಿಟಕಿಯ ಬಳಿ ನಿಂತು ಅಳುತ್ತದೆ. ಕಡೆಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತೇವೆ. ಹಿರಿಯರ ಮಾತು ಮೀರಲು ಮನಸ್ಸಿಲ್ಲ. ಏನು ಮಾಡಲಿ?
— ಗೃಹಿಣಿ, ವಿಜಯಪುರ

ಉತ್ತರ: ನಿಮ್ಮ ಅತ್ತೆಯವರ ಆತಂಕ ಪೂರ್ತಿ ಆಧಾರವಿಲ್ಲದ್ದೇನಲ್ಲ, ಆದರೆ ಅದರ ಗುರಿ ತಪ್ಪಿದೆ. ನೆಗಡಿಯನ್ನು ತರುವುದು ವೈರಸ್ಸೇ ಹೊರತು ಗಾಳಿಯ ತಂಪಲ್ಲ. ಚಳಿಗಾಲದ ಒಣಹವೆಗೆ ಮೂಗಿನ ಒಳಪದರ ಒಣಗಿ ಅದರ ರಕ್ಷಣೆ ಸ್ವಲ್ಪ ಕುಗ್ಗುತ್ತದೆ ಎಂಬುದು ನಿಜವಾದರೂ, ಈ ದಿನಗಳಲ್ಲಿ ನೆಗಡಿ ಮನೆಯಿಂದ ಮನೆಗೆ ಹಬ್ಬಲು ದೊಡ್ಡ ಕಾರಣವೆಂದರೆ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುವುದು. ಕೆಮ್ಮುತ್ತಿರುವ ಬಂಧುವೊಬ್ಬರ ಪಕ್ಕದಲ್ಲಿ ಮುಚ್ಚಿದ ಕೋಣೆಯಲ್ಲಿ ಕಳೆಯುವ ಸಂಜೆಗಿಂತ, ಬಿಸಿಲಿರುವ ಬಯಲಿನಲ್ಲಿ ಕಳೆಯುವ ಮುಂಜಾನೆ ನೆಗಡಿಯ ಮಟ್ಟಿಗೆ ಎಷ್ಟೋ ಸುರಕ್ಷಿತ.

ಅವರ ಮಾತು ಸರಿಯಾಗಿರುವುದು ಬೇರೊಂದು ಕಡೆ. ಚಿಕ್ಕ ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ದೇಹದ ಅಳತೆಗೆ ತಲೆಯೂ ದೊಡ್ಡದು; ಹಾಗಾಗಿ ಮಗುವಿನ ಮೈ ಬೇಗ ತಣಿಯುತ್ತದೆ, ಬಟ್ಟೆ ಒದ್ದೆಯಾಗಿದ್ದರಂತೂ ಇನ್ನೂ ಬೇಗ. ನಮ್ಮ ಕಡೆಯ ಅಜ್ಜಿಯರು ಕೂಸಿಗೆ ತಲೆ, ಕಿವಿ, ಬೆನ್ನು ಮೂರೂ ಮುಚ್ಚುವಂತೆ ಕುಂಚಿಗೆ ಹೊಲಿದು ಹಾಕುತ್ತಿದ್ದುದರ ಹಿಂದೆ ಈ ತಿಳಿವಳಿಕೆಯಿದೆ. ಅಂಗಡಿಯಲ್ಲಿ ಸಿಗುವ, ಕುತ್ತಿಗೆಗೆ ಚುಚ್ಚುವ ಮಂಕಿ ಟೋಪಿಗಿಂತ ಕುಂಚಿಗೆಯೇ ಮೇಲೆಂದು ನನ್ನ ಅಭಿಪ್ರಾಯ.

ವಿಜಯಪುರದ ಚಳಿಗಾಲಕ್ಕೆ ಒಂದೇ ಮುಖವಿಲ್ಲ. ಡಿಸೆಂಬರ್-ಜನವರಿಯಲ್ಲಿ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ, ಶೀತಗಾಳಿ ಬೀಸುವ ದಿನಗಳಲ್ಲಿ 10 ಡಿಗ್ರಿಗಿಂತಲೂ ಕೆಳಕ್ಕೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 30 ಡಿಗ್ರಿಯ ಹತ್ತಿರ ಬಿಸಿಲು ಕಾಯುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಫಿನ್ಲೆಂಡ್, ನಾರ್ವೆಯಂಥ ದೇಶಗಳಲ್ಲಿ ಪುಟ್ಟ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ನಾವು ಅಷ್ಟು ದೂರ ಹೋಗಬೇಕಿಲ್ಲ; ಮಗುವನ್ನು ಎರಡು ತಿಂಗಳು ಒಳಗಿಡುವ ಬದಲು ಹೊರಗೆ ಹೋಗುವ ಹೊತ್ತನ್ನು ಆರಿಸಿಕೊಂಡರೆ ಸಾಕು. ಬೆಳಿಗ್ಗೆ ಒಂಬತ್ತರ ನಂತರ, ಇಬ್ಬನಿ ಆರುವ ವೇಳೆಗೆ ಹೊರಟು ಹನ್ನೊಂದೂವರೆಯೊಳಗೆ ಮರಳಬಹುದು. ಸಂಜೆಯಾದರೆ ಮೂರೂವರೆಗೆ ಹೊರಟು ಹೊತ್ತು ಮುಳುಗುವ ಮೊದಲೇ ಮನೆ ಸೇರಬಹುದು.

ದಪ್ಪನೆಯ ಸ್ವೆಟರ್ ಒಂದನ್ನೇ ಹಾಕುವುದಕ್ಕಿಂತ ಬನಿಯನ್, ಅದರ ಮೇಲೆ ತುಂಬುತೋಳಿನ ಅಂಗಿ, ಅದರ ಮೇಲೆ ತೆಳುವಾದ ಸ್ವೆಟರ್ ಹಾಕಿದರೆ, ಬಿಸಿಲೇರಿದಂತೆ ಒಂದೊಂದನ್ನೇ ತೆಗೆಯಬಹುದು. ಮಗುವಿಗೆ ಚಳಿಯಾಗಿದೆಯೋ ಇಲ್ಲವೋ ಎಂಬುದನ್ನು ಅಂಗೈ ಮುಟ್ಟಿ ತೀರ್ಮಾನಿಸಬೇಡಿ, ಏಕೆಂದರೆ ಆಡುವ ಮಗುವಿನ ಕೈ ಹೇಗೂ ತಣ್ಣಗಿರುತ್ತದೆ. ಕತ್ತಿನ ಹಿಂಭಾಗಕ್ಕೆ ಎರಡು ಬೆರಳಿಟ್ಟು ನೋಡಿ: ಬೆಚ್ಚಗೆ ಒಣಗಿದ್ದರೆ ಸರಿ, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ, ತಣ್ಣಗಿದ್ದರೆ ಒಂದು ಸೇರಿಸಿರಿ. ಬೆವರಿನಿಂದ ಒದ್ದೆಯಾದ ಬನಿಯನ್ ಮೈಮೇಲೆಯೇ ಆರುವುದು ಥಂಡಿ ಗಾಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಚಳಿಯಲ್ಲಿ ಮಕ್ಕಳು ನೀರು ಕೇಳುವುದಿಲ್ಲವಾದ್ದರಿಂದ ನೀವೇ ನೆನಪಿಟ್ಟು ಕುಡಿಸಬೇಕು. ತುಟಿ, ಕೆನ್ನೆ ಒಡೆಯದಂತೆ ಹೊರಡುವ ಮೊದಲು ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಬಿಸಿಲಿನ ಬಗ್ಗೆ ಒಂದು ತಿದ್ದುಪಡಿ. ಮುಂಜಾನೆಯ ಎಳೆಬಿಸಿಲಿನಿಂದ ಡಿ ಜೀವಸತ್ವ ಸಿಗುತ್ತದೆ ಎಂಬ ನಂಬಿಕೆ ಎಲ್ಲೆಡೆಯಿದೆ. ಆದರೆ ಚರ್ಮದಲ್ಲಿ ಆ ಜೀವಸತ್ವವನ್ನು ಹುಟ್ಟಿಸುವ ಅತಿನೇರಳೆ ಕಿರಣಗಳು ಸೂರ್ಯ ಕೆಳಗಿರುವಾಗ ವಾತಾವರಣವನ್ನು ದಾಟಿ ಬರುವುದು ತೀರ ಕಡಿಮೆ. ನೆರಳು ನಮ್ಮ ಎತ್ತರಕ್ಕಿಂತ ಚಿಕ್ಕದಾಗಿರುವ ಹೊತ್ತೇ ಅದಕ್ಕೆ ತಕ್ಕದ್ದು. ಡಿಸೆಂಬರ್ ಕೊನೆಯಲ್ಲಿ ನಮ್ಮ ಜಿಲ್ಲೆಗಳಲ್ಲಿ ಅದು ಸುಮಾರು ಹನ್ನೊಂದರಿಂದ ಒಂದೂವರೆಯವರೆಗೆ ಮಾತ್ರ ಇರುತ್ತದೆ. ಮನೆಗೆ ಮರಳುವ ಮುನ್ನ ತೋಳು, ಕಾಲು ತೆರೆದು ಸ್ವಲ್ಪ ಹೊತ್ತು ಆ ಬಿಸಿಲಿಗೆ ಬಿಡಿ.

ಮೊಬೈಲ್ ವಿಚಾರಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷವಾದರೂ ಓಡಾಡುತ್ತಿರಬೇಕು, ಅದರಲ್ಲಿ 60 ನಿಮಿಷ ಮೈಬಗ್ಗಿಸಿ ಆಡಬೇಕು. ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ಇದನ್ನು ಅತ್ತೆಯವರ ಮುಂದೆ ಓದಿ ವಾದಕ್ಕೆ ಇಳಿಯಬೇಡಿ. "ಅತ್ತೆಯವರೇ, ನೀವೂ ಬನ್ನಿ, ಕಡಲೆ ಹೊಲ ನೋಡಿ ಬರೋಣ" ಎಂದು ಕರೆಯಿರಿ. ಹೊಲದ ಬದುವಿನ ಗಿಡಗಳ ಬಗ್ಗೆ ಮೊಮ್ಮಗನಿಗೆ ಹೇಳಲು ಅವರ ಬಳಿ ನಿಮಗಿಂತಲೂ ನನಗಿಂತಲೂ ಹೆಚ್ಚು ಇರುತ್ತದೆ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿದ್ದಾರೆ. ಚಳಿಗಾಲದಲ್ಲಿ ಅವರನ್ನು ಊರ ಪಕ್ಕದ ಹೊಲಗಳಿಗೆ ಕರೆದೊಯ್ಯಬೇಕೆಂಬ ಆಸೆಯಿದೆ. ಆದರೆ ಅಲ್ಲಿ ಏನು ಮಾಡಿಸಬೇಕೆಂದು ತಿಳಿಯದು. "ಅಕ್ಕಾವ್ರು ಅಕ್ಷರ ಕಲಿಸೋದು ಬಿಟ್ಟು ಅಡ್ಡಾಡಿಸ್ತಾರ" ಎಂದು ಪಾಲಕರು ಆಡಿಕೊಳ್ಳುತ್ತಾರೆ.
— ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ಏನನ್ನೂ ಮಾಡಿಸಬೇಕೆಂಬ ಅವಸರ ಬೇಡ. ದೊಡ್ಡವರಿಗೆ ನಡಿಗೆಯೆಂದರೆ ಇಲ್ಲಿಂದ ಅಲ್ಲಿಗೆ ತಲುಪುವುದು; ಮೂರು ವರ್ಷದ ಮಗುವಿನ ನಡಿಗೆ ಒಂದು ಇರುವೆ ಗೂಡಿನಿಂದ ಇನ್ನೊಂದು ಇರುವೆ ಗೂಡಿನವರೆಗೆ. ಹೆಸರುಗಳನ್ನು ಸಾಲಾಗಿ ಹೇಳಿಸುವುದಕ್ಕಿಂತ, ಒಂದೇ ಜಾಗದಲ್ಲಿ ಕೂರಲು ಬಿಟ್ಟು ಮಕ್ಕಳು ಕೇಳುವವರೆಗೆ ಕಾಯುವುದು ಹೆಚ್ಚು ಫಲ ಕೊಡುತ್ತದೆ. ಒಮ್ಮೆಗೆ ಹತ್ತು ಮಕ್ಕಳು ಸಾಕು. ಉಳಿದವರು ಸಹಾಯಕಿಯೊಂದಿಗೆ ಕೇಂದ್ರದಲ್ಲಿರಲಿ. ಜೊತೆಗೆ ಒಬ್ಬಿಬ್ಬರು ತಾಯಂದಿರನ್ನು ಕರೆದುಕೊಳ್ಳಿ.

ನಿಮ್ಮ ತಾಲ್ಲೂಕಿನ ಎರೆ ಹೊಲಗಳಲ್ಲಿ ಚಳಿಗಾಲಕ್ಕೆಂದೇ ಇರುವ ಸಾಮಗ್ರಿ ಬೇಕಾದಷ್ಟಿದೆ. ಕಡಲೆ ಗಿಡವನ್ನೇ ನೋಡಿ. ಅದರ ಎಲೆ, ಕಾಂಡ, ಕಾಯಿಯ ಮೇಲೆಲ್ಲ ಸಣ್ಣ ರೋಮಗಳಿದ್ದು, ಅವುಗಳ ತುದಿಯಿಂದ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಒಸರುತ್ತವೆ. ಇಬ್ಬನಿ ಬಿದ್ದ ಮುಂಜಾನೆ ಪ್ರತಿ ರೋಮದ ತುದಿಯಲ್ಲೂ ಒಂದೊಂದು ಹನಿ ಹೊಳೆಯುತ್ತದೆ. ಬೆರಳಿಗೆ ತಗುಲಿದ ಆ ಹನಿ ನಾಲಿಗೆಗೆ ಹುಳಿ. ಹಿಂದಿನವರು ರಾತ್ರಿ ಕಡಲೆ ಬೆಳೆಯ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಔಷಧಿಗೆ ತೆಗೆದಿಡುತ್ತಿದ್ದರು. ಮಗು ಈ ಹುಳಿಯನ್ನು ಒಮ್ಮೆ ನೆಕ್ಕಿದರೆ, ಕೀಟಗಳು ಆ ಎಲೆಯನ್ನು ಏಕೆ ಬಿಡುತ್ತವೆ, ಅಮ್ಮ ಕಡಲೆ ಪಲ್ಲೆಗೆ ಹುಣಸೆಹಣ್ಣು ಏಕೆ ಹಾಕುವುದಿಲ್ಲ ಎಂಬೆಲ್ಲ ಮಾತಿಗೆ ದಾರಿಯಾಗುತ್ತದೆ. ಆದರೆ ಕಾಯಿಕೊರಕ ಹುಳುವಿಗೆ ರೈತರು ಔಷಧಿ ಹೊಡೆಯುವುದೂ ಇದೇ ಕಾಲದಲ್ಲಿ. ಹೊಲದ ಒಡೆಯರನ್ನು ಕೇಳಿ, ಸಿಂಪಡಣೆಯಾಗಿಲ್ಲವೆಂದು ಖಚಿತವಾದ ಹೊಲದಲ್ಲಿ ಮಾತ್ರ ಬಾಯಿಗಿಡಲು ಬಿಡಿ. ಚರ್ಮ ಸೂಕ್ಷ್ಮವಾಗಿರುವ ಮಕ್ಕಳಿಗೆ ಆ ಹುಳಿ ತುರಿಕೆ ತರಬಹುದಾದ್ದರಿಂದ ಬರಿಗಾಲಲ್ಲಿ ಬೆಳೆಯೊಳಗೆ ಇಳಿಸಬೇಡಿ.

ಮಳೆ ನಿಂತು ತಿಂಗಳುಗಳಾದ ಮೇಲೆ ಎರೆ ಮಣ್ಣು ಬಾಯ್ಬಿಡುವುದನ್ನು ನೀವು ದಿನವೂ ನೋಡುತ್ತೀರಿ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಜೇಡಿಯ ಅಂಶ ಆ ಮಣ್ಣಿನಲ್ಲಿ ಹೆಚ್ಚಿರುವುದೇ ಅದಕ್ಕೆ ಕಾರಣ. ದಾರದ ತುದಿಗೆ ಒಂದು ಹರಳು ಕಟ್ಟಿ ಬಿರುಕಿನೊಳಗೆ ಇಳಿಬಿಟ್ಟು, ನೆಲಮಟ್ಟದಲ್ಲಿ ಗಂಟು ಹಾಕಿ ಮೇಲೆತ್ತಿದರೆ ಆಳ ಎಷ್ಟೆಂಬುದು ಮಗುವಿಗೆ ಕಾಣುತ್ತದೆ. ಆ ದಾರ ತನ್ನ ಮೊಣಕಾಲಿಗೆ ಬಂತೋ, ಸೊಂಟಕ್ಕೆ ಬಂತೋ ಎಂದು ಮಕ್ಕಳೇ ನಿಲ್ಲಿಸಿ ನೋಡುತ್ತಾರೆ. ಮುಂದಿನ ವಾರ ಅದೇ ಬಿರುಕನ್ನು ಮತ್ತೆ ಅಳೆಯಿರಿ. ಬಿರುಕಿನೊಳಗೆ ಕೈ ಹಾಕಬಾರದೆಂಬ ನಿಯಮಕ್ಕೆ ಮಾತ್ರ ವಿನಾಯಿತಿ ಇರಕೂಡದು.

ಒಣಗಿದ ಬದುವಿನಲ್ಲಿ ನಡೆದು ಬಂದ ಮೇಲೆ ಮಕ್ಕಳ ಚಡ್ಡಿ, ಲಂಗಗಳಿಗೆ ಅಂಟಿದ ಬೀಜಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಹಾಕಿಸಿ. ಉತ್ತರಾಣಿಯ ಕಾಳು ಬಟ್ಟೆ ಹಿಡಿದರೆ, ನೆಗ್ಗಿನ ಮುಳ್ಳು ಚಪ್ಪಲಿಗೆ ಚುಚ್ಚಿಕೊಂಡಿರುತ್ತದೆ. ಎಕ್ಕೆಯ ಬೀಜ ರೇಷ್ಮೆಯಂಥ ಎಳೆಗಳಿಂದ ಗಾಳಿಯಲ್ಲಿ ತೇಲಿ ಹೋಗುತ್ತದೆ. ಇವನ್ನು ಗುಂಪು ಮಾಡಿಸಿ, ಎಣಿಸಿ, ಯಾವುದು ಹೇಗೆ ಬಂತೆಂದು ಮಕ್ಕಳ ಬಾಯಿಂದಲೇ ಕೇಳಿ. ಪಾಲಕರ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ ಬಟ್ಟೆಯ ಮೇಲಿದೆ: ವಿಂಗಡಿಸುವುದು, ಎಣಿಸುವುದು, ಕಂಡದ್ದನ್ನು ಮಾತಿನಲ್ಲಿ ಹೇಳುವುದು, ಇವುಗಳ ಮೇಲೆಯೇ ಮುಂದೆ ಲೆಕ್ಕ ಮತ್ತು ಓದು ನಿಲ್ಲುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಹಂತವನ್ನು ಬುನಾದಿ ಹಂತವೆಂದು ಕರೆದು, ಅಲ್ಲಿ ಆಟ ಮತ್ತು ಚಟುವಟಿಕೆಯ ಕಲಿಕೆಗೇ ಒತ್ತು ಕೊಟ್ಟಿದೆ. ಆಕ್ಷೇಪಿಸುವ ಪಾಲಕರನ್ನೇ ಒಂದು ದಿನ ಜೊತೆಗೆ ಕರೆದೊಯ್ಯಿರಿ.

ಬೀಳಗಿಯವರಿಗೆ ಇನ್ನೊಂದು ಭಾಗ್ಯವಿದೆ. ಮಳೆಗಾಲದಲ್ಲಿ ತುಂಬಿದ ಆಲಮಟ್ಟಿ ಜಲಾಶಯದ ಹಿನ್ನೀರು ಚಳಿಗಾಲ ಸರಿದಂತೆ ಹಿಂದಕ್ಕೆ ಹೋಗಿ, ಅಂಚಿನಲ್ಲಿ ಕೆಸರು ಬಯಲು ತೆರೆದುಕೊಳ್ಳುತ್ತದೆ. ವಲಸೆ ಹಕ್ಕಿಗಳು ಮೇಯುವುದು ಅಲ್ಲಿಯೇ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯವನ್ನು ದಾಟಿ ಬರುತ್ತವೆ. ನೀರು ಇನ್ನಷ್ಟು ಇಳಿದಾಗ ರಾಜಹಂಸಗಳೂ ಕಾಣಸಿಗುತ್ತವೆ. ಜೋಳದ ಹೊಲಗಳಲ್ಲಿ, ರೈತರು ಕವಣೆ ಬೀಸಿ ಓಡಿಸುವ ಗುಂಪುಗಳನ್ನು ಗಮನಿಸಿ ನೋಡಿದರೆ, ಕಪ್ಪು ತಲೆಯ, ಗುಲಾಬಿ ಮೈಯ ಮೈನಾಗಳು ಮಧ್ಯ ಏಷ್ಯಾದಿಂದ ಬಂದ ಅತಿಥಿಗಳೆಂದು ತಿಳಿಯುತ್ತದೆ. ಹಿನ್ನೀರಿನ ಕೆಸರು ಮಕ್ಕಳ ಕಾಲನ್ನು ಎಳೆದುಕೊಳ್ಳುವಷ್ಟು ಮೃದುವಾಗಿರುವುದರಿಂದ, ಗಟ್ಟಿ ನೆಲದ ಮೇಲೆ ದೂರದಲ್ಲಿಯೇ ಕೂರಿಸಿ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ಆಗಾಗ ಉಬ್ಬಸ ಬರುತ್ತದೆ, ಪಂಪ್ ಬಳಸುತ್ತೇವೆ. ನಮ್ಮೂರ ಸುತ್ತ ಕಬ್ಬಿನ ಗದ್ದೆಗಳೇ ಇವೆ. ಅವಳು ಹೊರಗೆ ಹೋಗಬಹುದೇ?
— ರೈತ, ಬೆಳಗಾವಿ ಜಿಲ್ಲೆ

ಉತ್ತರ: ಹೋಗಬಹುದು, ಅವಳನ್ನು ನೋಡುತ್ತಿರುವ ಮಕ್ಕಳ ವೈದ್ಯರ ಒಪ್ಪಿಗೆಯೊಂದಿಗೆ. ಅವಳಿಗೆ ಚಳಿಗಿಂತ ಹೊಗೆ ಮತ್ತು ದೂಳಿನ ಭಯ ಹೆಚ್ಚು. ಚಳಿಯ ರಾತ್ರಿಗಳಲ್ಲಿ ನೆಲಕ್ಕೆ ತಾಗಿದ ಗಾಳಿ ತಂಪಾಗಿಯೂ ಅದರ ಮೇಲಿನ ಪದರ ಬೆಚ್ಚಗೂ ಇರುವುದರಿಂದ ಹೊಗೆ ಮೇಲಕ್ಕೇರದೆ ಊರಿನ ಮಟ್ಟದಲ್ಲಿಯೇ ನಿಲ್ಲುತ್ತದೆ; ಕಬ್ಬು ಕಡಿದ ಮೇಲೆ ರವದಿ, ಅಂದರೆ ಗದ್ದೆಯಲ್ಲಿ ಉಳಿದ ಒಣ ಗರಿ, ಸುಡುವ ದಿನಗಳಲ್ಲಿ ಮುಂಜಾನೆಯ ಮಂಜಿನೊಳಗೆ ಈ ಹೊಗೆಯೂ ಸೇರಿರುತ್ತದೆ. ಆದ್ದರಿಂದ ಹತ್ತು ಗಂಟೆಯ ನಂತರ, ಮಂಜು ಕರಗಿದ ಮೇಲೆ ಹೊರಡಿ. ರವದಿ ಸುಡುವ ಗದ್ದೆ, ತೊಗರಿ ಬಡಿಯುವ ಕಣ, ಬೆಂಕಿ ಕಾಯಿಸುವ ಗುಂಪು, ಈ ಮೂರರಿಂದ ಅವಳನ್ನು ದೂರವಿಡಿ. ನಿಮ್ಮದೇ ಗದ್ದೆಯಲ್ಲಾದರೂ ರವದಿಯನ್ನು ಸುಡದೆ ಸಾಲುಗಳ ನಡುವೆ ಹೊದಿಸಿದರೆ ಮಗಳಿಗೂ ಮಣ್ಣಿಗೂ ಒಳ್ಳೆಯದು. ಪಂಪ್ ಸದಾ ಜೊತೆಗಿರಲಿ.

ಜ್ವರವಿದ್ದಾಗ ಹೊರಡಬೇಡಿ. ಮಗು ಸುಮ್ಮನೆ ಮಲಗಿರುವಾಗ ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸಿ: ಒಂದರಿಂದ ಐದು ವರ್ಷದೊಳಗಿನವರಲ್ಲಿ ಅದು 40 ಅಥವಾ ಹೆಚ್ಚಿದ್ದರೆ ಉಸಿರಾಟ ವೇಗವಾಗಿದೆ ಎಂದರ್ಥ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೇದುತ್ತಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಮೊಮ್ಮಕ್ಕಳನ್ನು ತೋಟಕ್ಕೆ ಕರೆದೊಯ್ಯುವೆ. ಹಾವು, ಚೇಳು ಚಳಿಗಾಲದಲ್ಲಿ ಹೊರಬರುವುದಿಲ್ಲ ಎಂದು ಕೇಳಿದ್ದೇನೆ, ನಿಜವೇ? ಇನ್ನು ಯಾವುದಕ್ಕೆ ಹೆದರಬೇಕು?
— ನಿವೃತ್ತ ಶಿಕ್ಷಕ, ಇಂಡಿ

ಉತ್ತರ: ನಿಜವಲ್ಲ, ಗುರುಗಳೇ. ನಮ್ಮಲ್ಲಿ ಹಾವುಗಳು ಇಡೀ ಚಳಿಗಾಲ ಮಲಗಿಬಿಡುವಷ್ಟು ಚಳಿ ಇರುವುದಿಲ್ಲ. ಬೆಳಿಗ್ಗೆ ಮೈ ಕಾಯಿಸಿಕೊಳ್ಳಲು ಅವು ಬದು, ಕಲ್ಲುಗುಡ್ಡೆಗಳ ಮೇಲೆ ಬರುತ್ತವೆ. ಕೊಳಕುಮಂಡಲ ಕೂಡುವ ಕಾಲವೂ ಇದೇ ಆದ್ದರಿಂದ ಅದರ ಓಡಾಟ ಹೆಚ್ಚು. ಚೇಳುಗಳು ಕಲ್ಲು, ಕಟ್ಟಿಗೆ, ಕಣಿಕೆಯ ಬಣವೆಯಡಿ ಅಡಗಿರುತ್ತವೆ. ಮಕ್ಕಳಿಗೆ ಮುಚ್ಚಿದ ಬೂಟು ಹಾಕಿಸಿ, ಕಲ್ಲನ್ನು ದೊಡ್ಡವರೇ ಕೋಲಿನಿಂದ ಮಗುಚಿ ತೋರಿಸಿ. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು. ಕೆಂಪು ಚೇಳು ಕುಟುಕಿದ ಮಗುವಿಗೆ ವಾಂತಿಯಾಗಿ, ಮೈಯೆಲ್ಲ ಬೆವರಿ, ಕೈಕಾಲು ತಣ್ಣಗಾದರೆ ಅದು ಹೃದಯಕ್ಕೆ ಅಪಾಯ ಬಂದಿರುವ ಸೂಚನೆ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಔಷಧಿಯ ಬಳಕೆಯನ್ನು ರೂಢಿಗೆ ತಂದ ಮೇಲೆ ಇದರ ಸಾವುಗಳು ಬಹಳ ಇಳಿದವು, ಆದರೆ ಆ ಔಷಧಿ ಬೇಗ ಸಿಗಬೇಕು.

ಹಾವಿಗೆ ಹೆದರುವಷ್ಟೇ ಹೆದರಬೇಕಾದದ್ದು ನೀರಿಗೆ ಮತ್ತು ಕುಳಿಗೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಇಳಿಜಾರಿನಲ್ಲಿ ಜಾರಿದ ಮಗು ಹಿಡಿತ ಸಿಗದೆ ಮೇಲೆ ಬರಲಾರದು. ಸುತ್ತಲೂ ಬೇಲಿಯಿಲ್ಲದ ಹೊಂಡದ ಕಡೆಗೆ ಮಕ್ಕಳನ್ನು ಒಯ್ಯಲೇಬಾರದು. ಕೊಳವೆಬಾವಿಯ ವಿಷಯ ನಿಮ್ಮ ತಾಲ್ಲೂಕಿನವರಿಗೆ ವಿವರಿಸಬೇಕಿಲ್ಲ. ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದೊಳಗಿನ ಕೂಸನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಮೇಲೆತ್ತಲಾಯಿತು. ತೋಟಕ್ಕೆ ಮಕ್ಕಳನ್ನು ಕರೆದೊಯ್ಯುವ ಹಿಂದಿನ ದಿನ ನೀವೊಬ್ಬರೇ ಹೋಗಿ, ಬತ್ತಿದ ಬಾವಿಗಳ ಬಾಯಿ ಮುಚ್ಚಿದೆಯೇ ಎಂದು ನೋಡಿ ಬನ್ನಿ.

ದ್ರಾಕ್ಷಿ ತೋಟದಲ್ಲಿ ಚಳಿಗಾಲವಿಡೀ ಔಷಧಿ ಸಿಂಪಡಣೆ ನಡೆದೇ ಇರುತ್ತದೆ. ಅಲ್ಲಿ ಎಲೆ, ಕಾಯಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಸಬೇಕು. ಬದುವಿನ ಗುಲಗಂಜಿ, ಔಡಲ, ಮದಗುಣಕಿಯ ಬೀಜಗಳು ಬಾಯಿಗೆ ಹೋಗಬಾರದು, ಎಕ್ಕೆಯ ಹಾಲು ಕಣ್ಣಿಗೆ ತಾಗಬಾರದು. ಕಾಂಗ್ರೆಸ್ ಕಸದಲ್ಲಿ ಆಡಲು ಬಿಡಬೇಡಿ.

ಪ್ರಶ್ನೆ: ಐದು ವರ್ಷದ ಮಗನಿಗೆ ಹಕ್ಕಿ ನೋಡಲು ದುರ್ಬೀನು ಕೊಡಿಸಬೇಕೇ?
— ತಂದೆ, ಬಾಗಲಕೋಟೆ

ಉತ್ತರ: ಬೇಡ. ಆ ವಯಸ್ಸಿನಲ್ಲಿ ಎರಡು ಕಣ್ಣಿಗೆ ಅದನ್ನು ಹೊಂದಿಸಿಕೊಳ್ಳುವುದರಲ್ಲಿಯೇ ಹಕ್ಕಿ ಹಾರಿಹೋಗುತ್ತದೆ. ಕಡಿಮೆ ಬೆಲೆಯ ಭೂತಗನ್ನಡಿಯೊಂದನ್ನು ಕೊಡಿಸಿ. ಒಣ ಎಲೆ, ಬಿಸಿಲು ಮತ್ತು ಆ ಗಾಜು ಮೂರೂ ಸೇರಿದರೆ ಬೆಂಕಿ ಹತ್ತುತ್ತದೆ ಎಂಬುದನ್ನು ಅವನು ತಾನಾಗಿ ಕಂಡುಹಿಡಿಯುವ ಮೊದಲೇ ಹತ್ತಿರ ಕೂತಿರಿ.

ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೇವೆ. ಒಂದೂವರೆ ವರ್ಷದ ಮೊಮ್ಮಗಳಿಗೆ ಸುಟ್ಟ ಸುಲಗಾಯಿ (ಹಸಿ ಕಡಲೆ), ಶೇಂಗಾ ತಿನ್ನಿಸಬಹುದೇ?
— ಅಜ್ಜಿ, ಸಿಂದಗಿ

ಉತ್ತರ: ಇಡಿಯಾಗಿ ಕೊಡಬೇಡಿ, ಅಮ್ಮಾ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅರೆಯುವ ಹಲ್ಲು ಪೂರ್ತಿ ಬಂದಿರುವುದಿಲ್ಲ ಅಥವಾ ಅಗಿಯುವ ರೂಢಿ ಕೂಡಿರುವುದಿಲ್ಲ. ಉರುಟಾದ, ಜಾರುವ ಕಡಲೆ, ಶೇಂಗಾ ಕಾಳು ನಗುವಾಗಲೋ ಓಡುವಾಗಲೋ ನೇರ ಶ್ವಾಸನಾಳಕ್ಕೆ ಸರಿಯುತ್ತದೆ. ಶೇಂಗಾ ಹೋಳಿಗೆಯನ್ನು ಸಣ್ಣಗೆ ಮುರಿದು ಕೊಡಬಹುದು; ಸುಲಗಾಯಿಯನ್ನು ಸಿಪ್ಪೆ ತೆಗೆದು ಮೆತ್ತಗೆ ಅರೆದು, ಸೀತನಿಯನ್ನು (ಸುಟ್ಟ ಎಳೆ ಜೋಳದ ಕಾಳು) ಕುಟ್ಟಿ ತುಪ್ಪ ಬೆಲ್ಲದೊಂದಿಗೆ ಕಲಸಿ, ಮಗುವನ್ನು ಕೂರಿಸಿಕೊಂಡು ತಿನ್ನಿಸಿ. ಒಂದು ವೇಳೆ ಕಾಳು ಸಿಕ್ಕಿಕೊಂಡು ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ, ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಸಲ ಗಟ್ಟಿಯಾಗಿ ತಟ್ಟಬೇಕು. ಕಾಣದ ಕಾಳಿಗಾಗಿ ಗಂಟಲಿಗೆ ಬೆರಳು ಹಾಕಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಒಮ್ಮೆ ಸಿಕ್ಕಿಕೊಂಡಂತಾಗಿ ತಾನೇ ಸರಿಹೋದ ಮೇಲೂ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಹೊಲದಲ್ಲಿ ಶೇಂಗಾ ತಿಂದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ. ಕಾಳು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದಾದ್ದರಿಂದ ನಿಮ್ಮ ಮಾತಿನಿಂದಲೇ ಅವರಿಗೆ ಕಾರಣ ಹೊಳೆಯಬೇಕಾಗುತ್ತದೆ.